ಊಟ ಆಯ್ತಾ ಎಂದು ಕೇಳುತ್ತಾ ಹೊರಟ ನೌಕೆ

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನನ್ನ ಮುಂದೆ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಹಿಂದಿರುಗಿ ಕೇಳಿದಳು: "ಅಂಕಲ್, ವಾಯೇಜರ್ ಸೋಲಾರ್ ಸಿಸ್ಟಮ್ ದಾಟಿ ಹೋಯ್ತಂತಲ್ಲ, ಈಗ ಎಲ್ಲಿಗೆ ಹೋಗ್ತಿದೆ?"

"ಎಲ್ಲಿಗೂ ಇಲ್ಲ ಪುಟ್ಟಿ" ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಅಷ್ಟರಲ್ಲಿ ಬಿಸಿಬೇಳೆಬಾತಿನ ಸೌಟು ಬಂತು, ಮಾತು ಅಲ್ಲಿಗೇ ನಿಂತಿತು. ಉಳಿದ ಉತ್ತರ ಇಲ್ಲಿದೆ. ಅವಳ ಜೊತೆ ನೀವೂ ಓದಿ.

1977ರಲ್ಲಿ ನಾಸಾ ಎರಡು ನೌಕೆಗಳನ್ನು ಹಾರಿಸಿತು. ಆಗಸ್ಟ್ 20ಕ್ಕೆ ವಾಯೇಜರ್ 2, ಸೆಪ್ಟೆಂಬರ್ 5ಕ್ಕೆ ವಾಯೇಜರ್ 1. ಮೊದಲು ಹೊರಟದ್ದು ತಮ್ಮನೇ. ಅಣ್ಣ ಬೇಗ ತಲುಪುವ ದಾರಿ ಹಿಡಿದು ಅವನನ್ನು ಹಿಂದೆ ಹಾಕಿದ. ಗುರುವನ್ನೂ ಶನಿಯನ್ನೂ ಇಬ್ಬರೂ ನೋಡಿದರು. 1980ರಲ್ಲಿ ಶನಿಯ ಚಂದ್ರ ಟೈಟನ್ ಪಕ್ಕದಲ್ಲಿ ಹಾದುಹೋದ ಅಣ್ಣನ ದಾರಿ ಗ್ರಹಗಳ ಓಣಿ ಬಿಟ್ಟು ಮೇಲಕ್ಕೆ ಬಾಗಿತು. ತಮ್ಮ ಯುರೇನಸ್, ನೆಪ್ಚೂನ್‌ಗಳನ್ನೂ ನೋಡಿಕೊಂಡು 1989ರಲ್ಲಿ ಕೆಳಕ್ಕೆ ತಿರುಗಿದ. ಅಲ್ಲಿಂದಾಚೆಗೆ ಕವಣೆಯಿಂದ ಚಿಮ್ಮಿದ ಕಲ್ಲಿನ ಹಾಗೆ, ಕೊನೆಯ ನೆರೆಮನೆ ಯಾವ ಕಡೆಗೆ ಎಸೆಯಿತೋ ಆ ಕಡೆಗೇ ಓಟ. ತಡೆಯಲು ಅಲ್ಲಿ ಗಾಳಿಯಿಲ್ಲ. ವಾಯೇಜರ್ 1ರ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ.

ಸೂರ್ಯನಿಂದ ಸದಾ ಕಣಗಳ ಗಾಳಿ ಬೀಸುತ್ತಿರುತ್ತದೆ. ಆ ಗಾಳಿ ಸೋತು ನಿಲ್ಲುವ ಎಲ್ಲೆಯನ್ನು ಅಣ್ಣ 2012ರ ಆಗಸ್ಟ್‌ನಲ್ಲಿ, ತಮ್ಮ 2018ರ ನವೆಂಬರ್‌ನಲ್ಲಿ ದಾಟಿದರು. ಸೌರಮಂಡಲ ದಾಟಿದವೆಂದು ಪೇಪರಿನವರು ಬರೆದದ್ದು ಇದನ್ನೇ. ನನ್ನನ್ನು ಕೇಳಿದರೆ ಹೊಸ್ತಿಲು ದಾಟಿದ್ದಾರೆ, ಗೇಟು ದಾಟಿಲ್ಲ. ಸೂರ್ಯನ ಸೆಳೆತಕ್ಕೆ ಸಿಕ್ಕಿ ಸುತ್ತುವ ಹಿಮದುಂಡೆಗಳ ಊರ್ಟ್ ಮೋಡ ಇನ್ನೂ ಮುಂದಿದೆ. ಅದರ ಒಳ ಅಂಚು ಮುಟ್ಟಲು 300 ವರ್ಷ, ದಾಟಿ ಹೊರಬೀಳಲು ಬಹುಶಃ 30,000 ವರ್ಷ ಬೇಕು.

ದೂರ ಎಷ್ಟೆಂದು ಗೇಣಿನಲ್ಲಿ ಅಳೆಯೋಣ. ಅಂಗೈ ಅಗಲಿಸಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣು. ಅಪ್ಪನ ಗೇಣಾದರೆ ಒಳ್ಳೆಯದು. ಸೂರ್ಯನಿಂದ ಭೂಮಿಗೆ ಒಂದೇ ಗೇಣು ಅಂದುಕೊಳ್ಳಿ. ಆಗ ವಾಯೇಜರ್ 1 ಇರುವುದು ಎರಡು ಕ್ರಿಕೆಟ್ ಪಿಚ್‌ಗಳಷ್ಟು ಆಚೆ. ಹತ್ತಿರದ ನಕ್ಷತ್ರವೋ, ಬೆಂಗಳೂರಿನಲ್ಲಿ ನಿಂತವರಿಗೆ ತುಮಕೂರಿನಷ್ಟು ದೂರ! ನಡುವೆ ಬರೀ ಬಯಲು. ಸುಮಾರು 40,000 ವರ್ಷಗಳ ನಂತರ ಅಣ್ಣ ಗ್ಲೀಸ್ 445 ಎಂಬ ಪುಟ್ಟ ನಕ್ಷತ್ರದ "ಹತ್ತಿರ" ಹೋಗುತ್ತಾನೆ. ಹತ್ತಿರ ಅಂದರೆ ಒಂದೂವರೆ ಜ್ಯೋತಿರ್ವರ್ಷಕ್ಕೂ ದೂರ. ಇವರಿಗಿಂತ ಮೊದಲೇ, 1972ರಲ್ಲಿ ಹೊರಟ ಪಯನಿಯರ್ 10 ರೋಹಿಣಿ ನಕ್ಷತ್ರ ಇರುವ ದಿಕ್ಕಿಗೆ ಹೋಗುತ್ತಿದೆ. ಊರಿನಲ್ಲಿ ಅಜ್ಜ "ರೋಹಿಣಿ ಮಳೆ ಬಂತು" ಅನ್ನುತ್ತಾರಲ್ಲ, ಅದೇ ರೋಹಿಣಿ. ಅಷ್ಟು ದೂರ ಸಾಗಲು 20 ಲಕ್ಷ ವರ್ಷಕ್ಕೂ ಹೆಚ್ಚು ಬೇಕು.

ಇನ್ನು ಗಂಟಿನ ವಿಷಯ. ವಾಯೇಜರ್‌ಗಳು ಒಂದೊಂದು ಚಿನ್ನದ ಲೇಪದ ತಾಮ್ರದ ತಟ್ಟೆ ಕಟ್ಟಿಕೊಂಡು ಹೋಗಿವೆ. ಹಳೇ ಗ್ರಾಮಫೋನ್ ಪ್ಲೇಟಿನಂಥದ್ದು. ನುಡಿಸಲು ಸೂಜಿಯೂ ಜೊತೆಗಿದೆ. ವಿಜ್ಞಾನಿ ಕಾರ್ಲ್ ಸೇಗನ್ ತಂಡದ ಕೆಲಸ ಅದು. ಅವರ ಆರು ವರ್ಷದ ಮಗನೇ ಭೂಮಿಯ ಮಕ್ಕಳೆಲ್ಲರ ಪರವಾಗಿ ಇಂಗ್ಲಿಷಿನಲ್ಲಿ ಹಲೋ ಹೇಳಿದ್ದಾನೆ. 55 ಭಾಷೆಗಳ ನಮಸ್ಕಾರಗಳಿವೆ, ಅದರಲ್ಲಿ ಕನ್ನಡವೂ ಒಂದು. ಏನು ಹೇಳಬೇಕೆಂದು ಯಾರಿಗೂ ಬರೆದುಕೊಟ್ಟಿರಲಿಲ್ಲವಂತೆ. ನಮ್ಮವರು ನಮಸ್ತೆ ಎಂದು, ಕನ್ನಡಿಗರ ಪರವಾಗಿ ಶುಭಾಶಯ ಕೋರಿದ್ದಾರೆ. ಸಭೆಯಲ್ಲಿ ಮೈಕು ಕೊಟ್ಟರೆ ನಾವು ಹೇಳುವ ಹಾಗೆಯೇ. ಚೀನಾದ ಅಮೊಯ್ ಮಾತಿನವರು ಮಾತ್ರ ಆಕಾಶದ ಗೆಳೆಯರನ್ನು "ಊಟ ಆಯ್ತಾ" ಎಂದು ವಿಚಾರಿಸಿ, ಬಿಡುವಾದಾಗ ಬನ್ನಿ ಎಂದು ಕರೆದಿದ್ದಾರೆ. ನಮ್ಮಜ್ಜಿ ಹೇಳಬೇಕಾದ ಮಾತನ್ನು ಅವರು ಹೇಳಿಬಿಟ್ಟರಲ್ಲ ಎಂದು ನನಗೆ ಈಗಲೂ ಸಣ್ಣ ಹೊಟ್ಟೆಕಿಚ್ಚು.

ಹಾಡುಗಳೂ ಇವೆ. ಭಾರತದ್ದು ಒಂದೇ: ಗೋವಾದ ಕೇರಿ ಗ್ರಾಮದಲ್ಲಿ ಹುಟ್ಟಿದ ಕೇಸರ್‌ಬಾಯಿ ಕೇರ್ಕರ್ ಭೈರವಿಯಲ್ಲಿ ಹಾಡಿದ "ಜಾತ್ ಕಹಾಂ ಹೋ". ಹಾಗೆಂದರೆ, ಎಲ್ಲಿಗೆ ಹೊರಟೆ? ಊಟದ ಸಾಲಿನ ಹುಡುಗಿಯ ಪ್ರಶ್ನೆಯೇ. ವಾಯೇಜರ್ 1 ಮೇಲೇರಿದ ಹನ್ನೊಂದನೇ ದಿನ ಕೇಸರ್‌ಬಾಯಿ ತೀರಿಕೊಂಡರು.

ನೌಕೆಗಳಿಗೆ ಕರೆಂಟು ಕೊಡುವುದು ಪ್ಲುಟೋನಿಯಂ. ಅದರ ಬಿಸಿ ಆರುತ್ತಾ ಬಂದಿದೆ. ವರ್ಷಕ್ಕೆ ಸುಮಾರು 4 ವಾಟ್ ಕಡಿಮೆಯಾಗುತ್ತದೆ. ಒಂದೊಂದೇ ಉಪಕರಣದ ಸ್ವಿಚ್ ಆರಿಸುತ್ತಿದ್ದಾರೆ, ಮನೆ ಮಂದಿ ಮಲಗುವ ಹೊತ್ತಿಗೆ ದೀಪ ಆರಿಸುತ್ತಾ ಬರುವ ಹಾಗೆ. ರೇಡಿಯೊ ನಿಂತ ಮೇಲೂ ಓಟ ನಿಲ್ಲುವುದಿಲ್ಲ. ಸೂರ್ಯನಂತೆ ಅವೂ ಆಕಾಶಗಂಗೆಯ ನಡುವನ್ನು ಸುತ್ತುತ್ತಿರುತ್ತವೆ. ಒಂದು ಸುತ್ತಿಗೆ ಇಪ್ಪತ್ತು ಕೋಟಿ ವರ್ಷಗಳಿಗೂ ಹೆಚ್ಚು.

2026ರ ನವೆಂಬರ್ ನಡುವಿನ ಹೊತ್ತಿಗೆ ವಾಯೇಜರ್ 1 ನಮ್ಮಿಂದ ಬೆಳಕು ಪೂರಾ ಒಂದು ದಿನ ಓಡುವಷ್ಟು ದೂರವಿರುತ್ತದೆ ಎಂಬುದು ಲೆಕ್ಕ. ಇವತ್ತು ಇಲ್ಲಿಂದ "ಊಟ ಆಯ್ತಾ" ಎಂದು ಕೇಳಿದರೆ ಅದಕ್ಕೆ ಕೇಳಿಸುವುದು ನಾಳೆ. "ಆಯ್ತು, ನಿಮ್ದು?" ಅನ್ನುವುದು ನಮಗೆ ನಾಡಿದ್ದು.