‘ಹಾಗಾ’: ಹಿಡಿದದ್ದನ್ನು ಬಿಡದ ಕಿಟೆಲ್

ಕೀರ್ತನೆ 1:2 ತೆಗೀರಿ. ಅಲ್ಲಿ ಧ್ಯಾನಿಸುವುದು ಅನ್ನೋದಕ್ಕೆ ಇಬ್ರಿಯ ಭಾಷೆಯಲ್ಲಿರುವ ಪದ ‘ಹಾಗಾ’. ನಮ್ಮ ಕನ್ನಡದ ‘ಹಾಗಾ?’ ಅಲ್ಲ! ನಾವು ಒಂದು ವಚನ ನೋಡ್ತೀವಿ, ‘ಓ, ಹಾಗಾ’ ಅಂತೀವಿ, ಸ್ಕ್ರಾಲ್ ಮಾಡಿ ಮುಂದೆ ಹೋಗ್ತೀವಿ. ಇಬ್ರಿಯದ ‘ಹಾಗಾ’ ಅಂದರೆ ವಾಕ್ಯವನ್ನು ಬಾಯೊಳಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ಇರುವುದು. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ ಇದೇ ಪದ. ಕುರುಬರೆಲ್ಲಾ ಸೇರಿ ಕೂಗಿದರೂ ಅದು ಹಿಡಿದದ್ದನ್ನು ಬಿಡಲ್ಲ.

ಹಾಗೆ ಪದಗಳನ್ನು ಹಿಡಿದುಕೊಂಡ ಒಬ್ಬ ದೇವಸೇವಕರು ನಮ್ಮ ನಾಡಲ್ಲೇ ಇದ್ದರು, ಫರ್ಡಿನೆಂಡ್ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ತಂದೆ ಸಭಾಪಾಲಕರು. ಓದುವ ಕಾಲದಲ್ಲೇ ಇಬ್ರಿಯ, ಗ್ರೀಕ್ ಕಲಿತರು. 1853ರಲ್ಲಿ ಬಾಸೆಲ್ ಮಿಷನ್ ಅವರನ್ನು ಇಲ್ಲಿಗೆ ಕಳಿಸಿದಾಗ ವಯಸ್ಸು 21, ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು! ಯೇಸುವಿನ ಪ್ರೀತಿಯನ್ನು ಜನರ ಮಾತಲ್ಲೇ ಹೇಳಬೇಕು ಅಂತ ಕನ್ನಡವನ್ನು ಬೇರಿನಿಂದ ಕಲಿತರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಅಂತ ಕನ್ನಡ ಪದ್ಯದಲ್ಲೇ ಬರೆದರು.

ಸುಲಭವಾಗಿತ್ತಾ? ಇಲ್ಲ ಪ್ರಿಯರೇ. ಮೊದಲ ಹೆಂಡತಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಹೋದರು. ಹಳಗನ್ನಡದ ಪುಸ್ತಕಗಳಲ್ಲಿ ಮುಳುಗಿದ್ದಾರೆ ಅಂತ ಮಿಷನ್‌ನ ಹಿರಿಯರಿಗೂ ಅಸಮಾಧಾನ. ಆರೋಗ್ಯ ಕೆಟ್ಟು ಊರಿಗೆ ಹೋದರು. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕೆಂದು ಮತ್ತೆ ಇಲ್ಲಿಗೆ ಬಂದರು. 1894ರಲ್ಲಿ ಮಂಗಳೂರಲ್ಲಿ ಅದು ಅಚ್ಚಾಯಿತು, ಸುಮಾರು 70,000 ಪದಗಳು. 1903ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಈಗ ನಮ್ಮನ್ನು ನೋಡಿಕೊಳ್ಳೋಣ. ಒಂದು ಇಬ್ರಿಯ ಪದದ ಅರ್ಥ ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಸಿಕ್ಕರೆ ಪ್ರಕಟಣೆ ಸಿಕ್ಕಿತು ಅಂತ ಸ್ಟೇಟಸ್ ಹಾಕ್ತೀವಿ. ಕಿಟೆಲ್ ಮನುಷ್ಯರ ಪದಗಳಿಗೇ ಆಯುಸ್ಸು ಕೊಟ್ಟರು. ದೇವರ ವಾಕ್ಯಕ್ಕೆ ನಾವು ದಿನಕ್ಕೆ ಎಷ್ಟು ನಿಮಿಷ ಕೊಡ್ತಾ ಇದ್ದೀವಿ? ಅರ್ಥ ತಿಳಿಯೋದು ಬೇರೆ, ಆ ವಾಕ್ಯದಲ್ಲಿ ನೆಲೆಸೋದು ಬೇರೆ.

ಈ ವಾರ ಒಂದೇ ಒಂದು ವಚನ ತಗೊಳ್ಳಿ. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಮೆಟ್ರೋ ಹತ್ತಿದಾಗ ಫೋನ್ ಜೇಬಿಗೆ ಹಾಕಿ, ಅದನ್ನೇ ಮೆಲ್ಲಗೆ ಹೇಳಿಕೊಳ್ತಾ ಹೋಗಿ. ಎಂ.ಜಿ. ರೋಡಲ್ಲಿ ಇಳಿದರೆ ಮೇಯೋ ಹಾಲ್ ಹತ್ತಿರ ಕಿಟೆಲ್ ಅವರ ಪ್ರತಿಮೆ ಇದೆ, ಒಂದು ನಿಮಿಷ ನಿಂತು ನೋಡಿ. ಆಮೇಲೆ ನಿಮ್ಮ ವಚನಕ್ಕೆ ವಾಪಸ್ ಬನ್ನಿ. ಕುರುಬರು ಎಷ್ಟೇ ಕೂಗಲಿ, ಹಿಡಿದದ್ದನ್ನು ಬಿಡಬೇಡಿ. ಆಮೆನ್? ಆಮೆನ್!