ರಾಸ್ ಕಣ್ಣಿಗೆ ಬಿದ್ದ ಕರಿಚುಕ್ಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಿರಿಯರು ಚಳಿಜ್ವರ, ಜ್ವರಗಡ್ಡೆ ಎಂದು ಹೆದರುತ್ತಿದ್ದ ಮಲೇರಿಯಾವನ್ನು ನಾನು ಮೊದಲು ನೋಡಿದ್ದು ಕಾಲೇಜಿನ ಲ್ಯಾಬಿನಲ್ಲಿ, ಗಾಜಿನ ಸ್ಲೈಡಿನ ಮೇಲೆ. ನೋಡಿದ್ದು ಅನ್ನುವುದೂ ಸುಳ್ಳೇ. ಮೈಕ್ರೋಸ್ಕೋಪಿನಲ್ಲಿ ತಿಳಿಗುಲಾಬಿ ಬಿಲ್ಲೆಗಳಂತೆ ಕೆಂಪು ರಕ್ತಕಣಗಳು, ಅಲ್ಲೊಂದು ಇಲ್ಲೊಂದು ನೇರಳೆ ಮಚ್ಚೆಯ ಬಿಳಿ ರಕ್ತಕಣ. ಅಷ್ಟೇ. ಉಳಿದವರಿಗೆಲ್ಲ ಪರಾವಲಂಬಿ ಕಂಡಿತ್ತು. ನಾನೂ ತಲೆಯಾಡಿಸಿ, ಪುಸ್ತಕ ನೋಡಿ ರೆಕಾರ್ಡಿನಲ್ಲಿ ಚಿತ್ರ ಬರೆದೆ. ರೊನಾಲ್ಡ್ ರಾಸ್ ಬಗ್ಗೆ ಓದಿದ್ದು ಆಮೇಲೆ.

ರಾಸ್ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ಅಲ್ಮೋರದಲ್ಲಿ. ಕವಿತೆ, ಚಿತ್ರಕಲೆಯ ಹುಚ್ಚಿದ್ದ ಹುಡುಗನನ್ನು ಸೇನಾಧಿಕಾರಿ ತಂದೆ ಡಾಕ್ಟರಿಕೆಗೆ ತಳ್ಳಿದರು. (ನಮ್ಮ ಮನೆಗಳ ಕತೆಯೇ!) 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, ಎರಡು ವರ್ಷದಲ್ಲಿ ಬೆಂಗಳೂರಿನ ದಂಡಿಗೆ ಬಂದರು. ಬಂಗಲೆಯ ಕಿಟಕಿಯಾಚೆಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿ ಕಂಡು ಮಗುಚಿ ಹಾಕಿದರು, ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂಬುದು ಆಗ ಅವರ ತಲೆಯಲ್ಲಿರಲಿಲ್ಲ.

ಮಲೇರಿಯಾ ರೋಗಿಯ ರಕ್ತದಲ್ಲಿ ಪರಾವಲಂಬಿ ಇರುವುದನ್ನು ಫ್ರೆಂಚ್ ಸೇನಾ ವೈದ್ಯ ಲಾವೆರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ಕಂಡಿದ್ದರು. ರಾಸ್ ಇಲ್ಲಿ ರೋಗಿಗಳ ಬೆರಳು ಚುಚ್ಚಿ ಚುಚ್ಚಿ ರಕ್ತ ನೋಡಿದರು. ಕಾಣಲಿಲ್ಲ. ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡು, ಜ್ವರಕ್ಕೆ ಕರುಳಿನ ವಿಷ ಕಾರಣವೆಂದು ಲೇಖನವನ್ನೂ ಬರೆದರು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಅದನ್ನು ತೋರಿಸಿಕೊಟ್ಟರು. ಹದಿಮೂರು ವರ್ಷ ಸರ್ವಿಸ್ ಆಗಿದ್ದ ಡಾಕ್ಟರು ವಿದ್ಯಾರ್ಥಿಯಂತೆ ಕೂತು ಕಲಿತರು. ಪರಾವಲಂಬಿಯೊಳಗೆ ಸಣ್ಣ ಕರಿಚುಕ್ಕೆಗಳಿದ್ದವು. ಅದು ರಕ್ತಕಣದ ಹಿಮೋಗ್ಲೋಬಿನ್ ತಿಂದು ಉಳಿಸಿದ ಕಸ. ಸೊಳ್ಳೆಯ ಮೇಲೆ ಕಣ್ಣಿಡುವಂತೆ ಹೇಳಿದವರೂ ಮ್ಯಾನ್ಸನ್ನರೇ.

ಮರಳಿ ಬಂದು ಸಿಕಂದರಾಬಾದಿನಲ್ಲಿ ಸೊಳ್ಳೆ ಸೀಳತೊಡಗಿದರು. ನಡುವೆ ಕಾಲರಾ ಕೆಲಸಕ್ಕೆಂದು ಮತ್ತೆ ಬೆಂಗಳೂರು. ಎರಡು ವರ್ಷ ನೋಡಿದ್ದೆಲ್ಲ ಸಂಬಂಧವಿಲ್ಲದ ಜಾತಿಯ ಸೊಳ್ಳೆಗಳು. 1897ರ ಆಗಸ್ಟ್ ಸೆಕೆಯಲ್ಲಿ, ಸೊಳ್ಳೆ ಹಾರಿಹೋದೀತೆಂದು ಪಂಖ ಎಳೆಸದೆ ಕೂತರು. ಬೆವರಿಗೆ ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿದಿದ್ದವು. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು ಕಚ್ಚಿಸಿದ್ದರು. ಈ ಸಲದ್ದು ರೆಕ್ಕೆಯ ಮೇಲೆ ಚುಕ್ಕೆಯಿರುವ ಸೊಳ್ಳೆ. ಆಗಸ್ಟ್ 20ರಂದು ಅದರ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು, ಒಳಗೆ ಅದೇ ಕರಿಚುಕ್ಕೆ. ರಕ್ತದಲ್ಲಿ ಅದನ್ನು ಗುರುತು ಹಿಡಿಯಲು ಕಲಿಯದಿದ್ದರೆ ಸೊಳ್ಳೆಯೊಳಗೆ ಕಂಡರೂ ಅದು ಬರೀ ಕಸವೇ. ಮರುದಿನ ಸೀಳಿದ ಸೊಳ್ಳೆಯಲ್ಲಿ ಕೋಶಗಳು ಇನ್ನೂ ದಪ್ಪಗಾಗಿದ್ದವು.

ಅಷ್ಟರಲ್ಲಿ ವರ್ಗವಾಯಿತು! ಮುಂದಿನ ವರ್ಷ ಕಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು, ಪರಾವಲಂಬಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಕಚ್ಚಿದಾಗ ದಾಟುವುದನ್ನು ತೋರಿಸಿದರು. 1902ರಲ್ಲಿ ನೊಬೆಲ್. ಅವರು ನಂಬದೇ ಹೋಗಿದ್ದ ಲಾವೆರಾನ್‌ಗೆ ಅದು ಸಿಕ್ಕಿದ್ದು 1907ರಲ್ಲಿ. ರಾಸ್ 1932ರಲ್ಲಿ ತೀರಿಕೊಂಡರು.

ಮುಂದಿನ ಪ್ರಾಕ್ಟಿಕಲ್ಲಿನಲ್ಲಿ ನನಗೆ ಕಂಡಿರಲಿಲ್ಲ ಸರ್ ಎಂದೆ. ಮೇಷ್ಟ್ರು ಸ್ಲೈಡಿಗೆ ಒಂದು ಹನಿ ಎಣ್ಣೆ ಬಿಟ್ಟು, ದೊಡ್ಡ ಮಸೂರ ತಿರುಗಿಸಿ, ನಿಧಾನಕ್ಕೆ ಫೋಕಸ್ ಮಾಡಿ ಪಕ್ಕಕ್ಕೆ ಸರಿದರು. ಕೆಂಪು ಕಣದೊಳಗೆ ಸಣ್ಣ ನೀಲಿ ಉಂಗುರ, ಅಂಚಿನಲ್ಲೊಂದು ಕೆಂಪು ಬೊಟ್ಟು.