ಕೋವಿಯನ್ನಿರಿಸಿ ಕ್ಯಾಮರಾ ಹಿಡಿದ ಬೇಟೆಗಾರ: ಜಾರ್ಜ್ ಷೈರಸ್

ಇಂದು ಅಮೆರಿಕದ ಜಿಂಕೆ ಬೇಟೆಗಾರನು ಕಾಡಿನ ಮರವೊಂದಕ್ಕೆ ಚಿಕ್ಕ ಕ್ಯಾಮರಾ ಪೆಟ್ಟಿಗೆಯನ್ನು ಕಟ್ಟಿ ಮನೆಗೆ ಮರಳುತ್ತಾನೆ. ಪ್ರಾಣಿಯು ಎದುರಿಗೆ ಸುಳಿದೊಡನೆ ಅದರ ಮೈಯ ಶಾಖವನ್ನೂ ಚಲನೆಯನ್ನೂ ಗ್ರಹಿಸಿ ಯಂತ್ರವು ತಾನಾಗಿಯೇ ಚಿತ್ರ ತೆಗೆಯುತ್ತದೆ; ಒಳಗಿನ ಸಿಮ್ ಮೂಲಕ ಅದನ್ನು ಆತನ ಮೊಬೈಲಿಗೆ ಕಳುಹಿಸುತ್ತದೆ. ಈ ವಿದ್ಯೆಗೆ ತಳಹದಿಯನ್ನು ಹಾಕಿದ ಜಾರ್ಜ್ ಷೈರಸರಾದರೋ ಬೇಟೆಯನ್ನು ತ್ಯಜಿಸಿದವರೆಂಬುದು ಗಮನಾರ್ಹ.

ಷೈರಸರು 1859ರ ಜನವರಿ 1ರಂದು ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಜನಿಸಿದರು. ತಂದೆಯವರು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು. ಮಗನೂ ಕಾನೂನು ವ್ಯಾಸಂಗ ಮಾಡಿ ವಕೀಲರಾದರು. ಆದರೆ ಅವರ ಮನಸ್ಸು ನೆಲೆಸಿದ್ದು ಮಿಷಿಗನ್ ಸಂಸ್ಥಾನದ ವೈಟ್‌ಫಿಷ್ ಸರೋವರದ ತೀರದಲ್ಲಿ. ಬಾಲ್ಯದಲ್ಲಿ ಅವರು ಅಲ್ಲಿಗೆ ಹೋದದ್ದು ಬೇಟೆಗಾಗಿಯೇ. ಕಡತಗಳ ನಡುವಿನಿಂದ ಬಿಡುವು ದೊರೆತಾಗಲೆಲ್ಲ ಅವರು ಆ ಕಾಡನ್ನು ಸೇರುತ್ತಿದ್ದರು.

ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ರಾತ್ರಿಯ ವೇಳೆ ದೋಣಿಯ ಮುಂಭಾಗದಲ್ಲಿ ಬೆಂಕಿಯನ್ನಿರಿಸಿಕೊಂಡು ಸದ್ದಿಲ್ಲದೆ ಸಾಗುತ್ತಿದ್ದರು. ನೀರಿಗೆ ಬಂದ ಜಿಂಕೆಯು ಬೆಳಕನ್ನು ಕಂಡು ಬೆರಗಾಗಿ ನಿಂತಾಗ ಅದರ ಕಣ್ಣುಗಳು ಹೊಳೆಯುತ್ತಿದ್ದವು; ಬೇಟೆಗಾರನಿಗೆ ಅದೇ ಗುರಿ. ಷೈರಸರು ಈ ಉಪಾಯವನ್ನು ಉಳಿಸಿಕೊಂಡು ಆಯುಧವನ್ನು ಮಾತ್ರ ಬದಲಾಯಿಸಿದರು. ಹೊಳೆಯುವ ಕಣ್ಣುಗಳತ್ತ ದೋಣಿಯನ್ನು ನಡೆಸಿ, ಸಮೀಪಕ್ಕೆ ಬಂದೊಡನೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ, ಆ ಮಿಂಚಿನಲ್ಲಿ ಚಿತ್ರವನ್ನು ಸೆರೆಹಿಡಿದರು. ಆ ಪುಡಿಯು ಸ್ಫೋಟಕವಾದುದರಿಂದ ಈ ಕಾರ್ಯ ಅಪಾಯಕರವೂ ಆಗಿತ್ತು. ಮುಂದೆ ಅವರು ಪ್ರಾಣಿಗಳ ಹಾದಿಯಲ್ಲಿ ದಾರವನ್ನು ಬಿಗಿದರು. ಪ್ರಾಣಿಯು ಅದನ್ನೆಳೆದರೆ ಬೆಳಕು ಸಿಡಿದು, ಮನುಷ್ಯನಿಲ್ಲದೆಯೇ ಚಿತ್ರ ಮೂಡುತ್ತಿತ್ತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಚಿತ್ರಗಳಿಗೆ ಸುವರ್ಣ ಪದಕ ಲಭಿಸಿತು. 1906ರ ಜುಲೈಯಲ್ಲಿ 'ನ್ಯಾಷನಲ್ ಜಿಯಾಗ್ರಾಫಿಕ್' ಪತ್ರಿಕೆಯು ಅವರ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಪ್ರಕಟಿಸಿತು. ಗಂಭೀರ ಪತ್ರಿಕೆಯು ಚಿತ್ರಪುಸ್ತಕವಾಯಿತೆಂದು ಅಸಮಾಧಾನಗೊಂಡ ಆಡಳಿತ ಮಂಡಳಿಯ ಇಬ್ಬರು ಸದಸ್ಯರು ರಾಜೀನಾಮೆಯಿತ್ತರು. ಓದುಗರು ಮಾತ್ರ ಮೆಚ್ಚಿದರು.

1903ರಿಂದ 1905ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದಾಗ, ವಲಸೆ ಹಕ್ಕಿಗಳನ್ನು ಕೇಂದ್ರ ಸರ್ಕಾರದ ರಕ್ಷಣೆಗೆ ಒಳಪಡಿಸುವ ಮಸೂದೆಯನ್ನು ಅವರು ಮಂಡಿಸಿದರು. ಅಂದು ಅದು ಅಂಗೀಕಾರವಾಗಲಿಲ್ಲ. ಆದರೆ 1913ರಲ್ಲಿ ಅದೇ ಆಶಯವು ಶಾಸನವಾಯಿತು. 1935ರಲ್ಲಿ ಅವರ ಅನುಭವಗಳು ಎರಡು ಸಂಪುಟಗಳಲ್ಲಿ ಪ್ರಕಟಗೊಂಡವು. 1942ರ ಮಾರ್ಚ್ 24ರಂದು ಅವರು ಮಿಷಿಗನ್ನಿನ ಮಾರ್ಕೆಟ್ ಪಟ್ಟಣದಲ್ಲಿ ನಿಧನರಾದರು.

ಅವರ ದಾರದ ಕ್ಯಾಮರಾದ ವಂಶವು ಇಂದು ಎರಡು ಕವಲಾಗಿದೆ. ನಮ್ಮ ನಾಗರಹೊಳೆಯಲ್ಲಿ 1990ರ ದಶಕದಿಂದ ಇಂಥ ಸ್ವಯಂಚಾಲಿತ ಕ್ಯಾಮರಾಗಳೇ ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ ಎಣಿಸಲು ನೆರವಾಗಿವೆ. ಅಮೆರಿಕದಲ್ಲಾದರೋ ಅದು ಪುನಃ ಕೋವಿಯ ಜೊತೆಗಾರನಾಗಿದೆ. ಜಿಂಕೆ ಎಲ್ಲಿದೆಯೆಂಬುದನ್ನು ಮನೆಯಲ್ಲಿ ಕುಳಿತೇ ಅರಿತು ಹೊಡೆಯುವುದು ನ್ಯಾಯವೇ ಎಂಬ ಪ್ರಶ್ನೆ ಎದ್ದು, ಅರಿಝೋನಾ ಸಂಸ್ಥಾನವು 2022ರ ಜನವರಿಯಿಂದ ಬೇಟೆಗಾಗಿ ಇಂಥ ಕ್ಯಾಮರಾಗಳ ಬಳಕೆಯನ್ನು ನಿಷೇಧಿಸಿತು. ಕಣ್ಣಿಗೆ ಬಿದ್ದುದನ್ನೆಲ್ಲ ಕೊಲ್ಲಬೇಕಾಗಿಲ್ಲವೆಂಬ ಪಾಠವನ್ನು ಷೈರಸರು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟಿದ್ದರು.